ಕೆಂಪು ಕೋಟಿನ ಅತ್ತೆ, ಬೂದು ಬಣ್ಣದ ಮಾವ

ಚಳಿಗಾಲದಲ್ಲಿ ಮನಾಲಿಗೆ ಹೋಗಿ ಬಂದವರ ಫೋಟೋಗಳನ್ನು ನೋಡಿ. ಎಲ್ಲರೂ ಒಂದೇ ಮನೆಯವರ ಹಾಗೆ ಕಾಣುತ್ತಾರೆ. ಸೋಲಾಂಗ್ ಕಣಿವೆ ಕಡೆ ಹೋಗುವ ದಾರಿಯಲ್ಲಿ ಕೋಟು, ಗಮ್‌ಬೂಟು ಬಾಡಿಗೆಗೆ ಕೊಡುವ ಅಂಗಡಿಗಳು ಸಾಲಾಗಿವೆ. ಡ್ರೈವರ್ ಎಲ್ಲಿ ಗಾಡಿ ನಿಲ್ಲಿಸುತ್ತಾನೋ ಅದೇ ನಿಮ್ಮ ಅಂಗಡಿ. ಅಳತೆಯನ್ನೇ ಕೇಳುವುದಿಲ್ಲ, ಇನ್ನು ಬಣ್ಣ ಯಾರು ಕೇಳುತ್ತಾರೆ? ನಮ್ಮ ಅತ್ತೆಗೆ ಸಿಕ್ಕಿದ್ದು ಕಡುಕೆಂಪು ಕೋಟು. ಎದೆ ಮೇಲೆ ಬಿಳಿ ಪೇಂಟಿನಲ್ಲಿ ದಪ್ಪಗೆ ಅಂಗಡಿ ನಂಬರು. ಅದನ್ನು ಮೊಳಕಾಲ್ಮೂರು ಸೀರೆ ಮೇಲೆಯೇ ಹಾಕಿಕೊಂಡು, ನೆರಿಗೆಯನ್ನು ಬೂಟಿನೊಳಗೆ ತುರುಕಿ, ಹಿಮದಲ್ಲಿ ಜಂಬದಿಂದ ನಿಂತರು. ಪಕ್ಕದಲ್ಲಿ ಮಾವ.

ಊರಿಗೆ ಬಂದು ನೋಡಿದರೆ ಫೋಟೋದಲ್ಲಿ ಹಿಮ ಬೆಳ್ಳಗೇ ಇರಲಿಲ್ಲ. ಕ್ಯಾಮೆರಾದ ಬುದ್ಧಿಯೇ ಅಷ್ಟು. ಎದುರಿಗೆ ಬರೀ ಬಿಳಿ ಕಂಡರೆ ಬೆಳಕು ಜಾಸ್ತಿ ಆಯ್ತು ಅಂದುಕೊಂಡು ತಾನೇ ತಗ್ಗಿಸಿಬಿಡುತ್ತದೆ. ತೆಗೆಯುವಾಗಲೇ ಬೆಳಕಿನ ಮಟ್ಟವನ್ನು, ಅಂದರೆ ಎಕ್ಸ್‌ಪೋಷರನ್ನು +1 ಅಥವಾ +2ಕ್ಕೆ ಏರಿಸಬೇಕಂತೆ. ಆ ಚಳಿಯಲ್ಲಿ ಬೆರಳು ಮಾತು ಕೇಳಬೇಕಲ್ಲ! ನೆರಳು ಬಿದ್ದ ಕಡೆ ಹಿಮವೆಲ್ಲ ನೀಲಿ. ಅದು ಆಕಾಶದ ಕೊಡುಗೆ.

"ಅಪ್ಪಾ, ಅಜ್ಜಿ ಕೋಟು ಮಾತ್ರ ಕೆಂಪಗೆ ಬಿಟ್ಟು ಮಿಕ್ಕಿದ್ದೆಲ್ಲ ಬ್ಲ್ಯಾಕ್ ಅಂಡ್ ವೈಟ್ ಮಾಡು" ಅಂದಳು ಮಗಳು. ಕೇಳಲು ಸುಲಭ. ಫೋನಿನ ಆ್ಯಪ್‌ನಲ್ಲಿ 8 ಬಣ್ಣಕ್ಕೆ 8 ಸ್ಲೈಡರ್. ಕೆಂಪೊಂದನ್ನು ಬಿಟ್ಟು ಉಳಿದ 7ರ ಸ್ಯಾಚುರೇಷನ್, ಅಂದರೆ ಬಣ್ಣದ ಗಾಢತೆ, -100ಕ್ಕೆ ಎಳೆದೆ.

ಆ್ಯಪ್‌ಗೆ ಕೆಂಪು ಗೊತ್ತು, ಅತ್ತೆ ಗೊತ್ತಿಲ್ಲ.

ಹಿಂದೆ ನಿಂತಿದ್ದ ಹನಿಮೂನ್ ಜೋಡಿಯ ಕೋಟೂ ಕೆಂಪು. ಅದೇ ಅಂಗಡಿಯದು. ಯಾಕ್ ಕೊರಳಿನ ಗೊಂಡೆ ಕೆಂಪು. ಹಿಮದಲ್ಲಿ ಯಾರೋ ಬಿಸಾಡಿದ ಚಿಪ್ಸ್ ಪಾಕೆಟ್ ಅಂತೂ ದೀಪದ ಹಾಗೆ ಹೊಳೆಯುತ್ತಿತ್ತು. ಇನ್ನು ಚರ್ಮ. ಬೆಳ್ಳಗಿರಲಿ, ಕಪ್ಪಗಿರಲಿ, ಮನುಷ್ಯರ ಚರ್ಮ ಬಹುಪಾಲು ಕಿತ್ತಳೆ ಲೆಕ್ಕಕ್ಕೇ ಸೇರುತ್ತದೆ. ಹಾಗಾಗಿ ಎಲ್ಲರ ಮುಖ ಬೂದು. ಚಳಿಗೆ ಕೆಂಪಾಗಿದ್ದ ಮೂಗಿನ ತುದಿ ಮಾತ್ರ ಹಾಗೇ ಉಳಿಯಿತು. ಮಾವನ ಹಣೆಯಲ್ಲಿ ಬೆಳಗ್ಗೆ ಹಿಡಿಂಬಾ ದೇವಿ ಗುಡಿಯಲ್ಲಿ ಇಟ್ಟುಕೊಂಡ ಕುಂಕುಮವೂ ಉಳಿಯಿತು.

ಕೊನೆಗೆ ಬೇಡದ ಕೆಂಪನ್ನು ಬೆರಳಿನಲ್ಲೇ ಅಳಿಸುತ್ತಾ ಕುಳಿತೆ. ಹಿಂದೆ ಸ್ಟುಡಿಯೋದವರು ಕಪ್ಪು-ಬಿಳುಪು ಫೋಟೋಕ್ಕೆ ಕುಂಚ ಹಿಡಿದು ಬಣ್ಣ ತುಂಬುತ್ತಿದ್ದರು. ನನ್ನದು ಉಲ್ಟಾ ಕೆಲಸ, ಇದ್ದ ಬಣ್ಣ ತೆಗೆಯುವುದು. ಹನಿಮೂನ್ ಜೋಡಿ ಬೇಗ ಮುಗಿಯಿತು. ಕಷ್ಟವಾಗಿದ್ದು ಅತ್ತೆಯ ಕಾಲ ಬಳಿ. ಕೋಟಿನ ಕೆಂಪು ಹಿಮಕ್ಕೂ ಬಡಿದು ಅಲ್ಲೆಲ್ಲ ತೆಳು ಗುಲಾಬಿ ಹರಡಿಕೊಂಡಿತ್ತು. ಕೋಟಿನ ಅಂಚು ಎಲ್ಲಿ ಮುಗಿಯಿತು, ಹಿಮ ಎಲ್ಲಿ ಶುರುವಾಯಿತು, ದೇವರೇ ಬಲ್ಲ. ಒಂದು ಸಲ ಅತ್ತೆಯ ಅರ್ಧ ತೋಳೇ ಬೂದಾಯಿತು. ಮತ್ತೆ ಕೆಂಪನ್ನು ವಾಪಸ್ ತಂದೆ. ಮಾವನ ಕುಂಕುಮ ಅಳಿಸಲು ಕೈ ಬರಲಿಲ್ಲ, ಬಿಟ್ಟೆ.

ಎಲ್ಲರಿಗೂ ತೋರಿಸಿದೆ. ಮಾವ ಕನ್ನಡಕ ಏರಿಸಿ ನೋಡಿದರು.

"ಚೆನ್ನಾಗಿದೆ. ಹಾರ ಒಂದು ಹಾಕಿಸಿಬಿಟ್ಟರೆ ಗೋಡೆಗೆ ರೆಡಿ."

"ಥೂ, ಬಿಡ್ತು ಅನ್ನಿ!" ಅಂದರು ಅತ್ತೆ. ಆಮೇಲೆ ಫೋನು ಈಸಿಕೊಂಡು ಎರಡು ಬೆರಳಲ್ಲಿ ದೊಡ್ಡದು ಮಾಡಿ, ಕೋಟಿನ ಕೆಳಗೆ ಇಣುಕುತ್ತಿದ್ದ ಗೇಣುದ್ದ ಸೀರೆಯನ್ನು ಹುಡುಕಿದರು. "ಅಳಿಯಂದ್ರೇ, ನನ್ನ ಸೀರೆ ಹಸಿರು ಎಲ್ಲಿ ಹೋಯ್ತು? ಕೋಟು ಬಾಡಿಗೆದು, ಸೀರೆ ನಮ್ಮದು!"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಸಿರಿನ ಸ್ಲೈಡರ್ ಮೇಲಕ್ಕೆ ಎಳೆದರೆ ಹಿಂದಿನ ದೇವದಾರು ಮರಗಳೂ ಜೊತೆಗೇ ಎದ್ದು ಬಂದವು.

ಅಷ್ಟರಲ್ಲಿ ಮಗಳು ಫೋಟೋವನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿಯಾಗಿತ್ತು. ಸಂಜೆ ನನ್ನ ಷಡ್ಡಕರ ಫೋನು. ಅವರೂ ಮುಂದಿನ ತಿಂಗಳು ಮನಾಲಿಗೆ ಹೋಗುತ್ತಾರಂತೆ.

"ಕೋಟು ಎಲ್ಲಿ ತಗೊಂಡ್ರಿ ಅಂತ ಕೇಳೋಣ ಅಂತಿದ್ದೆ. ಬೇಡ ಬಿಡಿ, ಫೋಟೋದಲ್ಲಿ ಅದೊಂದೇ ಸರಿಯಾಗಿ ಕಾಣ್ತಿರೋದು. ನಂಬರ್ ಬರ್ಕೊಂಡಿದ್ದೀನಿ."