ಸ್ಪಷ್ಟನೆ: ಆ ಮಾತು ಸಂತ ಫ್ರಾನ್ಸಿಸರದಲ್ಲ

‘ಸದಾ ಸುವಾರ್ತೆ ಸಾರಿರಿ, ಅಗತ್ಯ ಬಿದ್ದರೆ ಮಾತ್ರ ಮಾತು ಬಳಸಿರಿ’ ಎಂಬ ಸಾಲು ಇಟಲಿಯ ಅಸ್ಸಿಸಿ ಊರಿನ ಕ್ರೈಸ್ತ ಸಂತ ಫ್ರಾನ್ಸಿಸರ ಚಿತ್ರದೊಂದಿಗೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಮಾತು ಚೆಂದವಾಗಿದೆ, ಆದರೆ ಅವರದಲ್ಲ. 1226ರಲ್ಲಿ ತೀರಿಕೊಂಡ ಫ್ರಾನ್ಸಿಸರ ಬರಹಗಳಲ್ಲಾಗಲಿ, ಅವರ ಆರಂಭಿಕ ಜೀವನಚರಿತ್ರೆಗಳಲ್ಲಾಗಲಿ ಈ ಸಾಲು ಸಿಗುವುದಿಲ್ಲ.

ಇದಕ್ಕೆ ಹತ್ತಿರವಾದದ್ದು ಅವರ ಸಂನ್ಯಾಸಿ ಬಳಗದ 1221ರ ನಿಯಮಾವಳಿಯ 17ನೇ ಅಧ್ಯಾಯದಲ್ಲಿದೆ: ಹಿರಿಯರ ಅನುಮತಿಯಿಲ್ಲದೆ ಯಾವ ಸಹೋದರನೂ ಉಪದೇಶ ಮಾಡಬಾರದು, ಆದರೆ ನಡತೆಯಿಂದ ಸಾರುವುದು ಎಲ್ಲರ ಹೊಣೆ. ಮಾತನ್ನು ಕೈಬಿಡಿ ಎಂಬ ಸೂಚನೆ ಅಲ್ಲಿಲ್ಲ.

ಫ್ರಾನ್ಸಿಸರೇನೂ ಮೌನಿಯಲ್ಲ. ಅವರ ಮೊದಲ ಜೀವನಚರಿತ್ರೆ ಬರೆದ ಸೆಲಾನೋದ ಥಾಮಸ್, ಅವರು ಒಂದೇ ದಿನ ನಾಲ್ಕೈದು ಊರು ಸುತ್ತಿ ಸಾರುತ್ತಿದ್ದರೆಂದು ದಾಖಲಿಸಿದ್ದಾನೆ. 1219ರಲ್ಲಿ, ಕ್ರೈಸ್ತರು ಮುಸ್ಲಿಮರ ವಿರುದ್ಧ ನಡೆಸಿದ ಧರ್ಮಯುದ್ಧಗಳಲ್ಲಿ ಐದನೆಯದಾದ ಕ್ರುಸೇಡಿನ ನಡುವೆ, ಈಜಿಪ್ಟಿನ ದಮಿಯೆಟ್ಟಾ ಬಳಿ ಎದುರಾಳಿಯ ಪಾಳೆಯಕ್ಕೇ ಹೋಗಿ ಸುಲ್ತಾನ ಅಲ್-ಕಾಮಿಲನನ್ನು ಕಂಡರು. ಸುಲ್ತಾನ ಮತ ಬದಲಿಸಲಿಲ್ಲ. ಬಂದವರನ್ನು ಸುರಕ್ಷಿತವಾಗಿ ಕಳುಹಿಸಿಕೊಟ್ಟ. ಸುಮ್ಮನೆ ಕುಳಿತು ಬರಲು ಅಷ್ಟು ದೂರ ಹೋಗಬೇಕಿತ್ತೇ?

ಗದ್ದಲದ ಪ್ರಚಾರಕ್ಕೆ ಬೇಸತ್ತವರಿಗೆ ಈ ಸಾಲು ಹಿತವೆನಿಸುತ್ತದೆ. ಆ ಬೇಸರ ನ್ಯಾಯವಾದದ್ದೇ. ಆದರೆ ಸುವಾರ್ತೆ ಎಂಬುದು ಒಂದು ಸುದ್ದಿ: ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತನು, ಮೂರನೆಯ ದಿನ ಎದ್ದನು. ಹಸಿದ ನೆರೆಯವನಿಗೆ ಊಟವಿಟ್ಟರೆ ನಮ್ಮ ಪ್ರೀತಿ ತಿಳಿಯುತ್ತದೆ, ಈ ಸುದ್ದಿ ತಿಳಿಯುವುದಿಲ್ಲ. ಸಾರುವವನಿಲ್ಲದೆ ಕೇಳುವುದು ಹೇಗೆ ಎಂದು ಅಪೊಸ್ತಲ ಪೌಲನು ಬೈಬಲಿನಲ್ಲಿರುವ ಪತ್ರದಲ್ಲಿ ರೋಮಾಪುರದವರಿಗೆ ಬರೆದದ್ದು ಇದಕ್ಕೇ. ಹೇಳುವ ರೀತಿಯನ್ನು ಬೈಬಲಿನಲ್ಲೇ ಇರುವ ಅಪೊಸ್ತಲ ಪೇತ್ರನ ಮೊದಲ ಪತ್ರ ತಿಳಿಸುತ್ತದೆ: ನಿಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳಿದವರಿಗೆ ಸೌಮ್ಯವಾಗಿ, ಗೌರವದಿಂದ ಉತ್ತರಿಸಿರಿ.

ಆ ಸಾಲನ್ನು ಹಂಚಲೇಬೇಕೆನಿಸಿದರೆ ಸಂತರ ಹೆಸರು ತೆಗೆದು ಹಂಚಿರಿ.