ಕರ್ಜನ್ ಮನೆಯಲ್ಲಿ ನೆನಪಾದ ನಮ್ಮ ವಾಡೆಗಳು

ಇಂಗ್ಲೆಂಡಿನ ಡರ್ಬಿ ಊರು ಬಿಟ್ಟು ಸ್ಕಾಟ್ಲೆಂಡಿಗೆ ಹೋದ ಮೇಲೆ ಈ ಕಡೆ ಬರುವುದೇ ಆಗಿರಲಿಲ್ಲ. ಡರ್ವೆಂಟ್ ಹೊಳೆಯ ದಂಡೆಯಲ್ಲಿ 1721ರಷ್ಟು ಹಿಂದೆ ಶುರುವಾದ ರೇಷ್ಮೆ ಗಿರಣಿ, ನಾನಿದ್ದ ಕಾಲಕ್ಕೆ ಬಾಗಿಲು ಹಾಕಿತ್ತು; ಈಗ ಹೊಸ ವಸ್ತುಸಂಗ್ರಹಾಲಯವಾಗಿ ತೆರೆದಿದೆ. ಊರಿಗೆ ಕಳೆ ಬಂದಿದೆ. ಆದರೆ ನನ್ನ ಮನಸ್ಸು ಸಿಕ್ಕಿಹಾಕಿಕೊಂಡದ್ದು ಊರಾಚೆಯ ಕೆಡ್ಲ್‌ಸ್ಟನ್ ಹಾಲ್‌ನಲ್ಲಿ.

ಇದು ವೈಸ್‌ರಾಯ್ ಕರ್ಜನ್ ಹುಟ್ಟಿದ ಮನೆ. ಕಲ್ಕತ್ತೆಯಲ್ಲಿ 1803ಕ್ಕೆ ಮುಗಿದ ರಾಜಭವನಕ್ಕೆ ಇದೇ ಮಾದರಿ. ಬಂಗಾಳವನ್ನು ಒಡೆದವನೂ ಆತನೇ, ನಮ್ಮ ಹಳೆಯ ಸ್ಮಾರಕಗಳ ರಕ್ಷಣೆಗೆ 1904ರ ಕಾನೂನು ತಂದವನೂ ಆತನೇ. ಕೆಳಗಿನ ಅಂತಸ್ತಿನಲ್ಲಿ ಆತ ಪೂರ್ವ ದೇಶಗಳಿಂದ ಒಯ್ದ ಸಾಮಾನುಗಳಿವೆ, ಅವನ ಹೆಂಡತಿ 1903ರ ದೆಹಲಿ ದರ್ಬಾರಿನಲ್ಲಿ ಉಟ್ಟ ನವಿಲುಗರಿಯ ಗೌನೂ ಇದೆ. ಹತ್ತಿರ ನಿಂತು ನೋಡಿದೆ. ಒಂದೊಂದು ಗರಿಯೂ ಜರಿಯ ಕಸೂತಿ. ಗರಿಯ ಕಣ್ಣಿನಲ್ಲಿ ಹಸಿರಾಗಿ ಹೊಳೆಯುವುದು ಜೀರುಂಡೆಯ ರೆಕ್ಕೆಯ ಚೂರು. ಹೊಲಿದದ್ದು ಪ್ಯಾರಿಸ್ಸಿನಲ್ಲಿ, ಕಸೂತಿ ನಮ್ಮವರ ಕೈಯದು. ಹೊಟ್ಟೆಯಲ್ಲಿ ಸಂಕಟ, ಕಣ್ಣಿಗೆ ಹೆಮ್ಮೆ, ಎರಡೂ ಒಟ್ಟಿಗೇ ಆಯಿತು.

ಮೇಲೆ ಅಮೃತಶಿಲೆಯ ಹಜಾರದಲ್ಲಿ 20 ಕಂಬಗಳು. ಅಲ್ಲಿ ನಿಂತಿದ್ದ ವಯಸ್ಸಾದ ಹೆಂಗಸೊಬ್ಬರು ಸಂಬಳವಿಲ್ಲದ ಸ್ವಯಂಸೇವಕಿ. ಕೇಳಿದ್ದಕ್ಕೆಲ್ಲ ಸಮಾಧಾನದಿಂದ ಹೇಳಿದರು. ಈ ಮನೆಯ ಎದುರು ನೋಟ ಚೆನ್ನಾಗಿರಲೆಂದು ಇಡೀ ಹಳ್ಳಿಯನ್ನೇ ಎಬ್ಬಿಸಿ ಆಚೆ ಕಳಿಸಿದ್ದನ್ನೂ ಮುಚ್ಚಿಡಲಿಲ್ಲ. ಉಳಿದದ್ದು ಪಕ್ಕದ ಹಳೆಯ ಚರ್ಚು ಮಾತ್ರ.

ನನಗೆ ಹತ್ತಿಕೊಂಡದ್ದು ಈ ಉಸ್ತುವಾರಿಯ ರೀತಿ. ಇಂಗ್ಲೆಂಡಿನಲ್ಲಿ ಆಸ್ತಿ ಹಿರಿಮಗನಿಗೆ ಹೋಗುತ್ತಿತ್ತು, ಮನೆ ಒಡೆಯುತ್ತಿರಲಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಯಜಮಾನ ತೀರಿಕೊಂಡಾಗ ಬೀಳುವ ತೆರಿಗೆ ಕಟ್ಟಲಾಗದೆ ಎಷ್ಟೋ ಬಂಗಲೆಗಳು ನೆಲಸಮವಾದವು. ಕೆಡ್ಲ್‌ಸ್ಟನ್ ಉಳಿದದ್ದು 1987ರಲ್ಲಿ, ಹಳೆಯ ಮನೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್‌ನ ಕೈಸೇರಿ. 1895ರಲ್ಲಿ ಹುಟ್ಟಿದ ಆ ಸಂಸ್ಥೆಗೆ ಇವತ್ತು 50 ಲಕ್ಷಕ್ಕೂ ಮಿಕ್ಕಿ ಸದಸ್ಯರು, ವರ್ಷಕ್ಕೊಮ್ಮೆ ಚಂದಾ ಕಟ್ಟುವ ಸಾಮಾನ್ಯ ಜನ.

ನಮ್ಮಲ್ಲಿ ಪಾಲಾಗುತ್ತದೆ. ಪಾಲಾಗುವುದು ನ್ಯಾಯ, ಹೆಣ್ಣುಮಕ್ಕಳಿಗೂ ಸಿಗಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಪಾಲಾದ ಮೇಲೆ ಸೂರಿನ ಹಂಚು ಸರಿಮಾಡಿಸುವವರು ಯಾರು? ಬೆಳಗಾವಿ ಕಡೆಯ ವಾಡೆ, ತುಳುನಾಡಿನ ಗುತ್ತಿನ ಮನೆ, ಮಲೆನಾಡಿನ ತೊಟ್ಟಿಮನೆ, ಒಂದು ಮಳೆಗಾಲ ಸೋರಿದರೆ ತೊಲೆ ಕೊಳೆಯುತ್ತದೆ. ಕೆತ್ತನೆಯ ಕಂಬ ರೆಸಾರ್ಟಿನ ಮುಂಬಾಗಿಲಿಗೆ ಹೋಗುತ್ತದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕುಕನೂರಿನ ಕಮಲ ಮಹಲನ್ನು, ಇನ್ನೂ ಎಷ್ಟೋ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಒಬ್ಬ ಮನುಷ್ಯನ ಹಟದಿಂದ ಅಷ್ಟಾಯಿತು. ಮನೆ ತಾನಿದ್ದ ಊರಿನಲ್ಲೇ ಉಳಿಯಬೇಕಾದರೆ ಸಾವಿರಾರು ಜನರ ಚಂದಾ ಬೇಕು.

ಹೊರನಾಡಿನ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಹಣ ಕೂಡಿಸುವುದರಲ್ಲಿ ಹಿಂದೆ ಬಿದ್ದಿಲ್ಲ. ಒಂದು ಸಂಘ ಒಂದು ವಾಡೆಯ ಸೂರನ್ನು ವಹಿಸಿಕೊಳ್ಳಲಿ. ಪಾಲುದಾರರ ಒಪ್ಪಿಗೆ ಬರಹದಲ್ಲಿ ಪಡೆಯಲಿ, ಆ ಊರಿನ ನಿವೃತ್ತ ಮೇಷ್ಟ್ರುಗಳು ವಾರಕ್ಕೊಂದು ದಿನ ಬಂದವರಿಗೆ ಮನೆ ತೋರಿಸಿ ಕಥೆ ಹೇಳಲಿ, ಅಲ್ಲಿ ದುಡಿದ ಆಳುಗಳ ಕಥೆಯನ್ನೂ ಸೇರಿಸಿ. ಅಂಥದ್ದೊಂದು ಶುರುವಾದರೆ ಮೊದಲ ವರ್ಷದ ಚಂದಾ ಕಟ್ಟುವವರಲ್ಲಿ ನಾನೂ ಇರುತ್ತೇನೆ.