ತಪ್ಪೆಲ್ಲ ಹುಳದ್ದು

ಕಂಪ್ಯೂಟರ್ ಲೋಕದಲ್ಲಿ ತಪ್ಪು ಮಾಡುವವರು ಯಾರೂ ಇಲ್ಲ. ಮಾಡುವುದೆಲ್ಲ ಹುಳಗಳೇ. ಆ್ಯಪ್ ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಕತ್ತರಿಸಿತಾ? ಬಗ್, ಅಂದರೆ ಹುಳ, ಇದೆ ಸರ್. ಬರೆದಿಟ್ಟ ಫೈಲು ಮಾಯವಾಯಿತಾ? ಅದೂ ಬಗ್ ಕೆಲಸವೇ. ಕೋಡ್ ಬರೆದವರು ಅಲ್ಲೇ ಕೂತಿರುತ್ತಾರೆ. ಹುಳ ಎಲ್ಲಿಂದಲೋ ಹಾರಿ ಬಂತು ಅನ್ನುವ ಹಾಗೆ ಅವರೂ ನಮ್ಮ ಜೊತೆ ಲೊಚಗುಟ್ಟುತ್ತಾರೆ. ತಲೆಗೆ ಹುಳ ಬಿಡುವವರು ಊರೆಲ್ಲ ಇದ್ದಾರೆ, ಸಿಸ್ಟಮ್ಮಿಗೆ ಬಿಟ್ಟವರು ಮಾತ್ರ ಒಬ್ಬರೂ ಸಿಗುವುದಿಲ್ಲ.

ಒಂದು ಸಲ ಮಾತ್ರ ಹುಳ ನಿಜಕ್ಕೂ ಸಿಕ್ಕಿಬಿದ್ದಿದೆ. 1947ರ ಸೆಪ್ಟೆಂಬರಿನಲ್ಲಿ ಹಾರ್ವರ್ಡ್ ಮಾರ್ಕ್ 2 ಕಂಪ್ಯೂಟರಿನ ರಿಲೇ ಎಂಬ ವಿದ್ಯುತ್ ಸ್ವಿಚ್ಚಿನಲ್ಲಿ ಒಂದು ಪತಂಗ ಸಿಕ್ಕಿಹಾಕಿಕೊಂಡಿತ್ತು. ಅದನ್ನು ಲಾಗ್ ಪುಸ್ತಕಕ್ಕೆ ಟೇಪಿನಿಂದ ಅಂಟಿಸಿ, ಬಗ್ ನಿಜವಾಗಿಯೂ ಸಿಕ್ಕ ಮೊದಲ ಪ್ರಕರಣ ಎಂದು ಬರೆದರು. ಅಂದರೆ ಅಲ್ಲಿಯವರೆಗೆ ಸುಮ್ನೆ ಹುಳದ ಹೆಸರು ಹೇಳಿಕೊಂಡು ಕಾಲ ತಳ್ಳಿದ್ದರು ಅಂತಾಯ್ತಲ್ವಾ? (ಎಡಿಸನ್ 1878ರಲ್ಲೇ ಒಂದು ಪತ್ರದಲ್ಲಿ ತನ್ನ ಯಂತ್ರದ ತೊಂದರೆಯನ್ನು ಹುಳದ ಮೇಲೆ ಹಾಕಿದ್ದ.) ಆ ಪುಸ್ತಕ ಈಗ ಅಮೆರಿಕದ ಮ್ಯೂಸಿಯಮ್ಮಿನಲ್ಲಿದೆ. ಸಾಫ್ಟ್‌ವೇರ್ ಇತಿಹಾಸದಲ್ಲಿ ಶಿಕ್ಷೆ ಅನುಭವಿಸಿದ ಏಕೈಕ ಆರೋಪಿ, ಆ ಪತಂಗ.

ಹುಳದ್ದಲ್ಲ ಅಂದಮೇಲೆ ತಪ್ಪು ನಿಮ್ಮದೇ. ಅದಕ್ಕೆ ಹೆಲ್ಪ್‌ಡೆಸ್ಕಿನವರ ಹತ್ತಿರ ಬೇರೆಯೇ ಭಾಷೆ ಇದೆ. ನೆಟ್‌ವರ್ಕ್ ಪಾಠದಲ್ಲಿ ಇರುವುದು 7 ಲೇಯರ್, ಅಂದರೆ ಪದರ. ಅವರು 'ಲೇಯರ್ 8 ಪ್ರಾಬ್ಲಂ' ಅಂದರೆ ಆ ಎಂಟನೆಯದು ನೀವು. 'ಪೆಬ್‌ಕ್ಯಾಕ್' ಅಂದರೆ ತೊಂದರೆ ಇರುವುದು ಕೀಬೋರ್ಡಿಗೂ ಕುರ್ಚಿಗೂ ನಡುವೆ ಅಂತ. ಅಲ್ಲಿ ಇರುವವರು ಯಾರು, ನೋಡಿಕೊಳ್ಳಿ.

ಎಲ್ಲಕ್ಕಿಂತ ಚಂದದ್ದು ಇನ್ನೊಂದಿದೆ.

"ಇದು ಐಡಿ ಟೆನ್ ಟಿ ಎರರ್ ಸರ್. ಬರೆದುಕೊಳ್ಳಿ."

ಪಾಪ, ದೂರು ಕೊಟ್ಟವರು ಪೆನ್ನು ಹುಡುಕಿ ಐ, ಡಿ, ಒಂದು, ಸೊನ್ನೆ, ಟಿ ಅಂತ ದುಂಡಗೆ ಬರೆದುಕೊಳ್ಳುತ್ತಾರೆ.

"ಬೇರೆಯವರಿಗೂ ಬಂದಿದೆಯಾ ಇದು?"

"ತುಂಬಾ ಜನಕ್ಕೆ ಸರ್."

ಇಂಗ್ಲಿಷ್ ಅಕ್ಷರದಲ್ಲಿ ಒಟ್ಟಿಗೆ ಓದಿದರೆ ಅದು ಈಡಿಯಟ್. ತಮಗೆ ಬಿದ್ದ ಬೈಗುಳವನ್ನು ತಾವೇ ಟೈಪ್ ಮಾಡಿ, ಮ್ಯಾನೇಜರಿಗೂ ಕಳಿಸಿ, ಅದಕ್ಕೊಂದು ಟಿಕೆಟ್ ನಂಬರನ್ನೂ (ದೂರಿನ ಸಂಖ್ಯೆ) ತೆಗೆದುಕೊಂಡು ಸಮಾಧಾನವಾಗಿ ಮನೆಗೆ ಹೋಗುತ್ತಾರೆ.

ಸಿಸ್ಟಮ್ ಹ್ಯಾಂಗ್ ಆದಾಗಿನ ಮರ್ಯಾದೆ ನೋಡಿ. ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಬೇಕು. ಇದರ ಅಡ್ಡಹೆಸರು ಮೂರು ಬೆರಳಿನ ಸೆಲ್ಯೂಟ್. ಕೆಲಸ ಕೆಡಿಸಿದ್ದು ಅದು, ಸೆಲ್ಯೂಟ್ ಹೊಡೆಯಬೇಕಾದ್ದು ನಾವು. ಕಂಪ್ಯೂಟರ್ ಕಂಪನಿ ಐಬಿಎಂನ ಡೇವಿಡ್ ಬ್ರ್ಯಾಡ್ಲಿ ಇದನ್ನು ಮಾಡಿದ್ದು ಪ್ರೋಗ್ರಾಂ ಬರೆಯುವವರಿಗಾಗಿ, ಜನಸಾಮಾನ್ಯರಿಗಲ್ಲ.

ವೆಬ್‌ಸೈಟುಗಳ ಕುಕಿಯದ್ದೂ ಅದೇ ಕಥೆ. ನೀವು ಆನ್‌ಲೈನ್ ಅಂಗಡಿಯ ಬುಟ್ಟಿಗೆ ಹಾಕಿದ್ದನ್ನು ನೆನಪಿಟ್ಟುಕೊಳ್ಳಲಿ ಅಂತ 1994ರಲ್ಲಿ ಹುಟ್ಟಿದ ಪುಟ್ಟ ಫೈಲು, ಆಮೇಲೆ ನಿಮ್ಮ ಬೆನ್ನು ಹತ್ತುವ ಕೆಲಸಕ್ಕೆ ಸೇರಿತು. ಬಿಸ್ಕೆಟ್ ಹಾಕುವುದು ಅಂದರೆ ಇದೇ ಇರಬೇಕು. ಒಪ್ಪಿಗೆಯ ಬಟನ್ ಮಾತ್ರ ಅಂಗೈಯಗಲ, 'ಬೇಡ' ಅನ್ನುವುದನ್ನು ಭೂತಕನ್ನಡಿ ಹಿಡಿದು ಹುಡುಕಬೇಕು.

ಅಕಸ್ಮಾತ್ ತಪ್ಪು ಹುಳದ್ದೂ ಅಲ್ಲ, ನಿಮ್ಮದೂ ಅಲ್ಲ ಅಂತ ಸಾಬೀತಾಯಿತು ಅನ್ನಿ. ಅದಕ್ಕೂ ಉತ್ತರ ರೆಡಿ ಇದೆ. "ಅದು ಬಗ್ ಅಲ್ಲ ಸರ್, ಫೀಚರ್." ಮುಂದಿನ ಅಪ್‌ಡೇಟಿನಲ್ಲಿ ಅದಕ್ಕೆ ಬೇರೆ ದುಡ್ಡು ಕೇಳುತ್ತಾರೆ.